ಆರು ಫ್ಯಾನಿನ ಗಾಡಿ

ಟಕ್ ಎಂದು ಎಲ್ಲೋ ಸಣ್ಣ ಸದ್ದಾಯಿತು. ಅದರ ಹಿಂದೆಯೇ ಕಂಪ್ಯೂಟರಿನ ಆರು ಫ್ಯಾನುಗಳ ಮೊರೆತ ಇಳಿಯುತ್ತ ಇಳಿಯುತ್ತ ನಿಂತೇಹೋಯಿತು. ಅವಳು ಹೊಲಿಗೆ ಯಂತ್ರದಿಂದ ಕಾಲು ತೆಗೆಯಲಿಲ್ಲ. ಆಸ್ಪತ್ರೆಯ ನೀಲಿ ಅಂಗಿಯ ತೋಳೊಂದು ಸೂಜಿಯ ಕೆಳಗೆ ಅರ್ಧ ದಾರಿಯಲ್ಲಿತ್ತು. ಅದನ್ನು ಮುಗಿಸಿ, ದಾರ ಕತ್ತರಿಸಿ, ಆಮೇಲೆ ತಿರುಗಿದಳು.

ಅವಳ ಗಂಡ ಕಪ್ಪಾದ ಪರದೆಯ ಮುಂದೆ ಎಡಗೈಯನ್ನು ಸ್ಟಿಯರಿಂಗ್ ಮೇಲಿಟ್ಟುಕೊಂಡು ಹಾಗೇ ಕೂತಿದ್ದ. ಹೆಡ್‌ಫೋನು ಕುತ್ತಿಗೆಗೆ ಜಾರಿತ್ತು.

"ಬಿಸಿ," ಅಂದ. "ಮತ್ತೆ ಅದೇ ಬಿಸಿ."

"ಎಲ್ಲಿವರೆಗೆ ಹೋಗಿದ್ರಿ?"

"ಸೇತುವೆ ದಾಟಿದ್ದೆ. ಇನ್ನು ನಾಲ್ಕೇ ಸ್ಟಾಪು." ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡ. "ಕಂಟ್ರೋಲರ್ ಹೇಳಿಬಿಟ್ಟಿದ್ದಾಳೆ. ಭಾನುವಾರವೂ ಮಧ್ಯದಾರೀಲಿ ಸಾಲು ಬಿಟ್ರೆ ಪಟ್ಟಿಯಿಂದ ಹೆಸರು ತೆಗೀತಾಳಂತೆ."

ಬೇರೆಯವರ ಬಾಯಲ್ಲಿ ಈ ಮಾತು ಕೇಳಿದ್ದರೆ ಅವಳಿಗೆ ನಗು ಬರುತ್ತಿತ್ತು. ಐವತ್ತೆಂಟರ ಗಂಡಸು ಆಟದ ಬಸ್ಸಿನ ಡ್ಯೂಟಿ ಹೋಗುತ್ತದೆಂದು ಹೆದರುವುದೆಂದರೇನು! ಆದರೆ ಅವನು ಇಪ್ಪತ್ತಮೂರು ವರ್ಷ ನಿಜವಾದ ಬಸ್ಸು ಓಡಿಸಿದವನು. ಬೀದಿಯವರಿಗೆ ಇವತ್ತಿಗೂ ಅವನು ಡ್ರೈವರೇ, ಅವಳು ಟೈಲರಮ್ಮನೇ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನ ಕೈಯಿಂದ ಬ್ರಷ್ಷು ಜಾರಿ ಬಿತ್ತು, ಹಿಂದೆಯೇ ಅವನೂ ಬಿದ್ದ. ಕಾಲು ಮೂರು ತಿಂಗಳಲ್ಲಿ ಮರಳಿತು. ಬಲಗೈಯ ಬೆರಳುಗಳು ಅರೆಬರೆ ಮರಳಿದವು. ನೋಟ ಮಾತ್ರ ಮರಳಲಿಲ್ಲ. ಕಣ್ಣಿಗೇನೂ ಆಗಿಲ್ಲ, ಮಿದುಳಿಗೆ ಬಲಗಡೆಯ ಅರ್ಧ ಕಾಣುತ್ತಿಲ್ಲ ಎಂದು ಡಾಕ್ಟರು ಒಂದು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದ್ದರು. ಲೈಸೆನ್ಸನ್ನು ಸರ್ಕಾರಕ್ಕೆ ಒಪ್ಪಿಸುವ ಅರ್ಜಿಗೆ ಸಹಿ ಹಾಕಲು ಅವನ ಕೈಗೆ ಆಗದೆ, ಅವನ ಪರವಾಗಿ ಅವಳೇ ಹಾಕಿದಳು. ಅವನು ಆ ದಿನ ಏನೂ ಅನ್ನಲಿಲ್ಲ. ಆಮೇಲೆ ಎಂಟು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ.

ಅವನನ್ನು ಆ ಗೋಡೆಯಿಂದ ಎಬ್ಬಿಸಿದ್ದು ಈ ಪೆಟ್ಟಿಗೆ. ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಯಿಟ್ಟಿದ್ದ ಅವನ ತಮ್ಮ, ಅವಳ ಮೈದುನ, ಹೊಸದಿಷ್ಟು ಹಳೆಯದಿಷ್ಟು ಸೇರಿಸಿ ಕಟ್ಟಿಕೊಟ್ಟಿದ್ದ. ಸ್ಟಿಯರಿಂಗು, ಪೆಡಲು ಸಮೇತ. ಬಸ್ಸಿನ ಆಟ ಆಡುವವರು ಎಲ್ಲೆಲ್ಲಿಂದಲೋ ಸೇರಿ ಒಂದು ಕಂಪನಿ ಮಾಡಿಕೊಂಡಿದ್ದರು. ಭಾನುವಾರ ಹತ್ತು ಗಂಟೆಗೆ ಇಪ್ಪತ್ತು ಬಸ್ಸು ಸಾಲಾಗಿ ಹೊರಡುತ್ತಿದ್ದವು, ಮಧ್ಯೆ ಮಧ್ಯೆ ವಾರದ ಡ್ಯೂಟಿಗಳು. ಸಮಯ ತಪ್ಪಿದರೆ, ಎಲ್ಲಾದರೂ ಗುದ್ದಿದರೆ, ಡ್ಯೂಟಿ ಮುಗಿದ ಮೇಲೆ ಎಲ್ಲರಿಗೂ ಕಾಣುವ ಹಾಗೆ ಹೆಸರಿನ ಮುಂದೆ ಕೆಂಪು ಗುರುತು. ಡ್ಯೂಟಿ ಹಂಚುವ ಕಂಟ್ರೋಲರ್ ಯಾವುದೋ ಶಾಲೆಯಲ್ಲಿ ಗಣಿತ ಹೇಳಿಕೊಡುವವಳಂತೆ. ಡ್ರೈವರನ ಹೆಸರಿನ ಮುಂದೆ ಒಂದು ವರ್ಷದಿಂದ ಒಂದೂ ಕೆಂಪು ಗುರುತು ಇರಲಿಲ್ಲ. ಅದನ್ನು ಅವನು ಹೆಂಡತಿಗೆ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದ.

ಅವಳೆಂದೂ ಪಕ್ಕ ಕೂತು ನೋಡಿದ್ದಿಲ್ಲ. ಇದ್ದದ್ದೊಂದು ಬೆಳಕಿನ ಕೋಣೆ. ಕಿಟಕಿಯ ಕಡೆ ಮುಖ ಮಾಡಿ ಅವಳ ಯಂತ್ರ, ಗೋಡೆಯ ಕಡೆ ಮುಖ ಮಾಡಿ ಅವನದು. ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ದುಡಿಯುತ್ತಿದ್ದರು. ಅವನು ಬ್ರೇಕು ಒತ್ತಿದ್ದು, ಗೇರು ಬದಲಿಸಿದ್ದು ಎಲ್ಲವೂ ಅವಳಿಗೆ ಬೆನ್ನಿಂದಲೇ ಗೊತ್ತಾಗುತ್ತಿತ್ತು.

"ಇದಕ್ಕೆಲ್ಲ ನಿನ್ನ ಬಟ್ಟೆ ಧೂಳೇ ಕಾರಣ," ಎಂದ ಅವನು ಈಗ. "ಇಂಜಿನ್ನಿಗೆ ಉಸಿರುಕಟ್ಟಿದೆ. ನೀನು ಹೊಲಿಗೆ ಯಂತ್ರಾನ ಅಡುಗೆಮನೆಗೆ ಹಾಕ್ಕೊ."

"ಅಡುಗೆಮನೇಲಿ ನಾನು ನಿಲ್ಲೋಕೇ ಜಾಗ ಇಲ್ಲ, ಯಂತ್ರ ಎಲ್ಲಿ ನಿಲ್ಲುತ್ತೆ?"

"ಹಾಗಾದ್ರೆ ಭಾನುವಾರದವರೆಗೆ ಹೊಲೀಬೇಡ."

"ನಲವತ್ತು ಅಂಗಿ ಸೋಮವಾರ ಆಸ್ಪತ್ರೆಗೆ ಕೊಡ್ಬೇಕು. ಇಪ್ಪತ್ತಾರು ಆಗಿದೆ. ನಿಮ್ಮ ಬಸ್ಸು ನಿಲ್ಲುತ್ತೆ ಅಂತ ನರ್ಸುಗಳು ಬರೀ ಮೈಲಿ ಕೆಲ್ಸಕ್ಕೆ ಹೋಗೋಕಾಗುತ್ತಾ?"

ಅವನು ನಗಲಿಲ್ಲ. ಅವಳಿಗೂ ನಗು ಉಳಿದಿರಲಿಲ್ಲ. ಸೊಂಟ ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು, ಅದರ ಮೇಲೆ ಧೂಳಿನ ಅಪವಾದ ಬೇರೆ. ಗಾಯದ ಮೇಲೆ ಬರೆ ಅಂದರೆ ಇದೇ. ಆದರೆ ಅವನು ಎದ್ದುಹೋಗಿ ಹಾಸಿಗೆಯ ಮೇಲೆ ಕೂತು ಗೋಡೆಯ ಕಡೆಗೊಮ್ಮೆ ನೋಡಿದಾಗ ಅವಳು ಕತ್ತರಿ ಕೆಳಗಿಟ್ಟಳು. ಆ ಎಂಟು ತಿಂಗಳನ್ನು ಇನ್ನೊಮ್ಮೆ ಹೊರುವ ಶಕ್ತಿ ಅವಳಲ್ಲಿ ಇರಲಿಲ್ಲ.

ಸಂಜೆ ಮೈದುನನಿಗೆ ಫೋನು ಮಾಡಿದಳು.

"ಅತ್ತಿಗೆ, ನಾನು ಬಂದ್ರೆ ಅಣ್ಣ ಬಾಗಿಲಲ್ಲೇ ಜಗಳಕ್ಕೆ ನಿಲ್ತಾನೆ," ಎಂದ ಅವನು. "ನಾನು ಕಟ್ಟಿಕೊಟ್ಟಾಗ ತಣ್ಣಗೇ ಇತ್ತು. ಆರು ತಿಂಗಳ ಕೆಳಗೆ ತಾನೇ ಬಿಚ್ಚಿ ಫ್ಯಾನುಗಳನ್ನೆಲ್ಲ ಹಿಂದುಮುಂದು ಮಾಡಿದ. ಯಾಕಪ್ಪಾ ಅಂದಿದ್ದಕ್ಕೆ, ಇಂಜಿನ್ ತಂಪು ಮಾಡೋದನ್ನ ನಿನ್ನ ಹತ್ರ ಕಲೀಬೇಕಾ ಅಂದ. ಅವತ್ತಿಂದ ಮಾತಿಲ್ಲ."

"ಈಗ ನಾನೇನ್ಮಾಡ್ಲಿ?"

"ಮೊದಲು ಧೂಳು ತೆಗೀರಿ. ಚಿಪ್ಪಿನ ಮೇಲಿರೋ ಕೂಲರ್ ಬಿಚ್ಚಿ, ಶಾಖ ಎಳೆಯೋಕೆ ಹಚ್ಚಿರೋ ಹಳೇ ಪೇಸ್ಟ್ ಒರೆಸಿ ಹೊಸದು ಹಾಕಿ, ಕಳಿಸಿಕೊಡ್ತೀನಿ. ನಾನು ಕೊಟ್ಟೆ ಅಂತ ಮಾತ್ರ ಹೇಳ್ಬೇಡಿ."

ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ಪೆಟ್ಟಿಗೆಯನ್ನು ಕತ್ತರಿಸುವ ಮೇಜಿನ ಮೇಲೆ ಮಲಗಿಸಿದರು. ಊಟದ ಹೊತ್ತಲ್ಲಿ ಒಂದು ಸಂಗತಿ ಅವಳಿಗೆ ಸಮಾಧಾನ ಕೊಟ್ಟಿತ್ತು. ಕಾಯಿಲೆಯ ಹೊಸತರಲ್ಲಿ ಅವನು ತಟ್ಟೆಯ ಎಡಗಡೆಯದನ್ನಷ್ಟೇ ತಿಂದು ಸಾಕೆಂದು ಏಳುತ್ತಿದ್ದ. ಬಲಗಡೆಯ ಅರ್ಧ ಹಾಗೇ ಉಳಿದಿರುತ್ತಿತ್ತು. ಅವಳು ಮಾತಾಡದೆ ತಟ್ಟೆ ತಿರುಗಿಸುತ್ತಿದ್ದಳು, ಅವನು ಮಾತಾಡದೆ ಉಳಿದದ್ದನ್ನು ತಿನ್ನುತ್ತಿದ್ದ. ಈಚೆಗೆ ತಟ್ಟೆ ತಿರುಗಿಸುವ ಕೆಲಸ ತಪ್ಪಿತ್ತು. "ಈಗ ಎಲ್ಲ ಕಾಣುತ್ತೆ," ಎನ್ನುತ್ತಿದ್ದ.

ಪೆಟ್ಟಿಗೆಯ ಪಕ್ಕದ ಗಾಜು ತೆಗೆದಾಗ ಅವಳು ನಾಚಿಕೊಂಡಳು. ಧೂಳು ನಿಜವಾಗಿಯೂ ಅವಳದೇ. ನೀಲಿ, ಬಿಳಿ, ಅಲ್ಲಲ್ಲಿ ಕಳೆದ ತಿಂಗಳ ಬೂದುಬಣ್ಣದ ಪ್ಯಾಂಟಿನದು. ಪ್ರತಿ ಆರ್ಡರೂ ಒಂದೊಂದು ಪದರವಾಗಿ ಫ್ಯಾನಿನ ಎಲೆಗಳ ಮೇಲೆ ಕೂತಿತ್ತು. ಕೂಲರಿನ ಲೋಹದ ಎಲೆಗಳ ನಡುವೆಯಂತೂ ಕಂಬಳಿಯೇ ನೇಯ್ದುಕೊಂಡಿತ್ತು. ಯಂತ್ರದ ಸೂಜಿಯಡಿ ಉಜ್ಜುವ ಕುಂಚದಿಂದ ಅದನ್ನು ಎಳೆ ಎಳೆಯಾಗಿ ತೆಗೆದಳು. ಅವನು ಎಡಗೈಯಲ್ಲಿ ಟಾರ್ಚು ಹಿಡಿದು ನಿಂತಿದ್ದ. ಬೆಳಕು ಆಗಾಗ ಎಡಕ್ಕೆ ಜಾರುತ್ತಿತ್ತು.

"ಇನ್ನು ಸ್ವಲ್ಪ ಈ ಕಡೆ ಹಿಡೀರಿ."

"ಹಿಡ್ದೇ ಇದೀನಲ್ಲೇ."

ಕೂಲರು ಬಿಚ್ಚಿದಾಗ ಕೆಳಗಿನ ಪೇಸ್ಟು ಒಣಗಿ ಸುಣ್ಣದ ಪುಡಿಯಾಗಿತ್ತು. ಅದನ್ನು ಒರೆಸಿ, ಹೊಸ ಟ್ಯೂಬಿನಿಂದ ಬಟಾಣಿ ಕಾಳಿನಷ್ಟು ಹಿಂಡಿದಳು. ಅವನೇ ಹಿಂಡಲು ನೋಡಿದ್ದ, ಬೆರಳು ಕೇಳಿರಲಿಲ್ಲ. ಸ್ಕ್ರೂಗಳ ಹೊತ್ತಿಗೆ ಮಾತ್ರ ಅವನ ದನಿ ಹಳೆಯ ದನಿಯಾಯಿತು.

"ಒಂದನ್ನೇ ಪೂರ್ತಿ ಬಿಗೀಬೇಡ. ಮೂಲೆಯಿಂದ ಎದುರು ಮೂಲೆಗೆ ಹೋಗು. ಇಲ್ಲಿ ಎರಡು ಸುತ್ತು, ಅಲ್ಲಿ ಎರಡು ಸುತ್ತು. ಚಕ್ರದ ನಟ್ಟು ಹೀಗೇ ಬಿಗಿಯೋದು, ಇಲ್ದಿದ್ರೆ ಒಂದೇ ಕಡೆ ಎಳ್ಕೊಳ್ಳುತ್ತೆ."

ಅವಳು ಹಾಗೇ ಮಾಡಿದಳು. ಇಂಥ ದನಿಯನ್ನು ಕೇಳಿ ಎಷ್ಟು ದಿನವಾಗಿತ್ತೋ. ಇನ್ನೂ ನಾಲ್ಕು ಸ್ಕ್ರೂ ಇದ್ದಿದ್ದರೆ ಆಗುತ್ತಿತ್ತು ಅನ್ನಿಸಿತು.

ಚಾಲೂ ಮಾಡಿದರು. ಪರದೆಯ ಮೂಲೆಯಲ್ಲಿ ಶಾಖದ ಅಂಕಿ ಏರುತ್ತ ಹೋಯಿತು. ಎಪ್ಪತ್ತು. ಎಂಬತ್ತನಾಲ್ಕು. ತೊಂಬತ್ತೊಂದರಲ್ಲಿ ಅವನೇ ನಿಲ್ಲಿಸಿ, ಕುರ್ಚಿಗೆ ಒರಗಿದ.

"ಮುಗೀತು ಬಿಡು. ಅದಕ್ಕೂ ವಯಸ್ಸಾಯ್ತು."

ಅವಳಿಗೆ ಅಳು ಬರುವಂತಾಯಿತು. ಎರಡು ಅಂಗಿ ಹೊಲಿಯುವಷ್ಟು ಹೊತ್ತು ಹೋಗಿತ್ತು, ಬಂದದ್ದು ಬರೀ ಸೀನು. ಸುಮ್ಮನೆ ಕೂರಲಾರದೆ ರೀಲಿನಿಂದ ಒಂದು ಗೇಣು ಕೆಂಪು ದಾರ ಎಳೆದು ಕಚ್ಚಿ ಕತ್ತರಿಸಿದಳು. ಬಟ್ಟೆಯ ಎಳೆ ಎತ್ತ ಓಡುತ್ತದೆ ನೋಡಲು, ಕಿಟಕಿಯ ಸಂದಿಯಲ್ಲಿ ಗಾಳಿ ನುಗ್ಗುತ್ತಿದೆಯೇ ತಿಳಿಯಲು, ಎಲ್ಲದಕ್ಕೂ ಅವಳಿಗೆ ದಾರವೇ ಬೇಕು. ಪೆಟ್ಟಿಗೆಯನ್ನು ಮತ್ತೆ ಚಾಲೂ ಮಾಡಿಸಿ, ಮುಂದಿನ ಮೂರು ಫ್ಯಾನುಗಳ ಎದುರು ದಾರ ಹಿಡಿದಳು. ತುದಿ ಒಳಕ್ಕೆ ಎಳೆದುಕೊಂಡಿತು. ಮೇಲಿನ ಎರಡರ ಮೇಲೆ ಹಿಡಿದಳು. ಒಳಕ್ಕೆ. ಹಿಂದಿನದಕ್ಕೆ ಹಿಡಿದಳು. ಅದೂ ಒಳಕ್ಕೇ.

"ರೀ, ಇಲ್ಲಿ ನೋಡಿ. ಆರಕ್ಕಾರೂ ಒಳಕ್ಕೇ ಊದ್ತಿವೆ."

"ಊದಲಿ ಅಂತಲೇ ತಿರುಗಿಸಿದ್ದು. ರೇಡಿಯೇಟರಿಗೆ ಗಾಳಿ ಬಡಿದಷ್ಟೂ ಇಂಜಿನ್ ತಂಪು."

"ಬಡಿದ ಗಾಳಿ ಆಮೇಲೆ ಎಲ್ಲಿ ಹೋಗುತ್ತೆ?"

"ಎಲ್ಲಿ ಹೋಗುತ್ತೆ ಅಂದ್ರೆ? ಗಾಡಿ ಮುಂದೆ ಹೋಗ್ತಾ..." ಎಂದವನು ಅಲ್ಲಿಗೇ ನಿಲ್ಲಿಸಿದ.

ಪೆಟ್ಟಿಗೆ ಮೇಜಿನ ಮೇಲೆ ನಿಂತಲ್ಲೇ ನಿಂತು ಮೊರೆಯುತ್ತಿತ್ತು. ಅವನು ಅದನ್ನು ಸ್ವಲ್ಪ ಹೊತ್ತು ನೋಡಿದ.

"ಇದು ಓಡೋ ಗಾಡಿಯಲ್ಲ ಅಲ್ವಾ," ಅಂದ, ಮೆಲ್ಲಗೆ. "ನಿಂತ ಗಾಡಿ."

ಮೇಲಿನ ಎರಡು, ಹಿಂದಿನದೊಂದು, ಒಟ್ಟು ಹನ್ನೆರಡು ಸ್ಕ್ರೂ. ಪ್ರತಿ ಫ್ಯಾನಿನ ಅಂಚಿನಲ್ಲೂ ಗಾಳಿ ಹೋಗುವ ದಿಕ್ಕಿಗೆ ಒಂದು ಸಣ್ಣ ಬಾಣದ ಗುರುತಿತ್ತು. ಅದನ್ನು ಹೊರಮುಖ ಮಾಡಿ ಕೂರಿಸಿದಳು. ಆಮೇಲೆ ಹಿಂದಿನ ಜಾಲರಿಗೆ ಆ ಕೆಂಪು ದಾರವನ್ನೇ ಗಂಟು ಹಾಕಿದಳು. ಚಾಲೂ ಮಾಡಿದಾಗ ದಾರ ನೆಟ್ಟಗೆ ಹೊರಕ್ಕೆ ನಿಂತು ನಡುಗಿತು. ಅಂಕಿ ಎಪ್ಪತ್ತೆರಡಕ್ಕೆ ಬಂದು ಅಲ್ಲೇ ನಿಂತಿತು. ಅರ್ಧ ಗಂಟೆ ಕಾದರು, ಕದಲಲಿಲ್ಲ.

"ಟೈಲರಮ್ಮ ಮೆಕ್ಯಾನಿಕ್ ಆದ್ಲು," ಎಂದ ಅವನು. ಹಾಗೆಂದು ನಕ್ಕೂಬಿಟ್ಟ.

ಆ ಖುಷಿಗೇ ಅವಳು ಶನಿವಾರ ಬೆಳಿಗ್ಗೆ ಹೊಲಿಗೆಯ ಸ್ಟೂಲನ್ನು ಎಳೆದುಕೊಂಡು ಅವನ ಪಕ್ಕ ಕೂತಳು. ತನ್ನ ಕೈಕೆಲಸ ಓಡುವುದನ್ನು ನೋಡಬೇಕಿತ್ತು. ಅವನಿಗೆ ಇಷ್ಟವಾಗಲಿಲ್ಲ. "ನಿನಗೆ ಅಂಗಿ ಇದೆಯಲ್ಲ," ಎಂದ. "ಹತ್ತು ನಿಮಿಷ," ಎಂದಳು ಅವಳು.

ಬಸ್ಸು ಹೊರಟಿತು. ಉದ್ದನೆಯ ರಸ್ತೆ, ಎರಡೂ ಕಡೆ ಅಂಗಡಿ, ಮೋಡದ ಆಕಾಶ. ಎಡಗೈಯೊಂದರಲ್ಲೇ ಅವನು ಸ್ಟಿಯರಿಂಗನ್ನು ಬೆಣ್ಣೆಯ ಹಾಗೆ ತಿರುಗಿಸುತ್ತಿದ್ದ. ಎರಡು ಸ್ಟಾಪಿನಲ್ಲಿ ಗೆರೆಗೆ ಸರಿಯಾಗಿ ನಿಲ್ಲಿಸಿದ. ಅವಳಿಗೆ ಹೆಮ್ಮೆಯಾಯಿತು. ಮೂರನೆಯ ಸ್ಟಾಪಿನ ಮುಂಚೆ ಒಂದು ವೃತ್ತ. ಬಲಗಡೆಯ ಬೀದಿಯಿಂದ ಒಬ್ಬ ಸೈಕಲ್ಲಿನವನು ಬರುತ್ತಿದ್ದ. ದೂರದಿಂದಲೇ ಕಾಣುತ್ತಿದ್ದ, ಹಳದಿ ಅಂಗಿ, ಬೆನ್ನಿಗೊಂದು ಚೀಲ. ಗಂಡ ಈಗ ನಿಧಾನ ಮಾಡುತ್ತಾನೆ, ಈಗ ಮಾಡುತ್ತಾನೆ ಎಂದು ಅವಳು ಕಾದಳು. ಬಸ್ಸು ನಿಧಾನವಾಗಲೇ ಇಲ್ಲ. ಪರದೆ ಅಲುಗಿತು, ಅಂಚೆಲ್ಲ ಕೆಂಪಾಯಿತು.

ಟಕ್.

ಪರದೆ ಕಪ್ಪಾಯಿತು. ಫ್ಯಾನುಗಳು ಇಳಿಯುತ್ತ ಇಳಿಯುತ್ತ ನಿಂತವು.

"ನೋಡಿದ್ಯಾ," ಎಂದ ಅವನು, ಅವಳ ಕಡೆ ತಿರುಗದೆ. "ಮತ್ತೆ ಬಿಸಿ."

ಅವಳು ಮೇಜಿನ ಕೆಳಗೆ ನೋಡಿದಳು. ನೆಲದ ಮೇಲೆ ಪ್ಲಗ್ಗುಗಳ ಪಟ್ಟಿ, ಅದರ ಸ್ವಿಚ್ಚಿನ ಮೇಲೆ ಇನ್ನೂ ಅವನ ಎಡಗಾಲಿನ ಹೆಬ್ಬೆರಳು. ಸ್ವಿಚ್ಚಿನ ಕೆಂಪು ಬಣ್ಣ ಆ ಹೆಬ್ಬೆರಳಿನ ಅಳತೆಗೆ ಸವೆದುಹೋಗಿತ್ತು.

ಎದ್ದು ಪೆಟ್ಟಿಗೆಯ ನೆತ್ತಿಯ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು. ಇಟ್ಟ ಕೈಯನ್ನು ತೆಗೆಯಲು ಅವಳಿಗೆ ತೋಚಲಿಲ್ಲ. ಗುರುವಾರದ ಟಕ್ ನೆನಪಾಯಿತು. ಅದರ ಹಿಂದಿನವೂ ನೆನಪಾದವು. ಮೊದಲೆರಡು ಸಲ ಟಕ್ ಇರಲಿಲ್ಲ, ಸುಟ್ಟ ವಾಸನೆಯೇ ಬಂದಿತ್ತು. ಅವು ನಿಜವಾದ ಬಿಸಿ. ಆಮೇಲಿನವೆಲ್ಲ? ಒಂದು ವರ್ಷದಿಂದ ಒಂದೂ ಕೆಂಪು ಗುರುತಿಲ್ಲದ ಹೆಸರು. ಹೊಸ ಡ್ರೈವರುಗಳು ಬ್ರೇಕು ಸರಿಯಿಲ್ಲ, ಕ್ಲಚ್ಚು ಸರಿಯಿಲ್ಲ ಅಂದಾಗ, ಕುಣಿಯಲಾರದವಳಿಗೆ ನೆಲ ಡೊಂಕಂತೆ ಎಂದು ಡಿಪೋದಲ್ಲಿ ನಗಾಡುತ್ತಿದ್ದವನು ಇವನೇ.

ಕೋಪ ಬಂತು, ದೊಡ್ಡದಾಗಿಯೇ ಬಂತು. ನಿನ್ನೆ ಇಡೀ ಮಧ್ಯಾಹ್ನ ತನ್ನಿಂದ ಧೂಳು ತೆಗೆಸಿದನಲ್ಲ, ಹೊಲಿಯಬೇಡ ಅಂದನಲ್ಲ ಅನ್ನಿಸಿತು. ಆದರೆ ಬಾಯಿಗೆ ಬಂದದ್ದು ಬೇರೆಯೇ ಮಾತು.

"ತಟ್ಟೆ ನೀವೇ ತಿರುಗಿಸ್ಕೊಳ್ತಿದೀರಾ?"

ಕೆಳಗೆ ಬೀದಿಯಲ್ಲಿ ಯಾರೋ ಷಟರ್ ಎಳೆದರು.

"ನೀನು ಒಲೆ ಕಡೆ ತಿರುಗಿದಾಗ," ಎಂದ.

"ಒಂದ್ಸಲನೂ ಹೇಳ್ಬೇಕು ಅನ್ನಿಸ್ಲಿಲ್ವಾ?"

"ಹೇಳಿದ್ರೆ ನೀನು ಇದನ್ನೂ ನಿಲ್ಲಿಸಿಬಿಡ್ತಿದ್ದೆ. ಅವತ್ತು ಸಹಿ ಹಾಕಿದ್ಯಲ್ಲ."

ಎರಡು ವರ್ಷ ಆಡದೆ ಉಳಿದಿದ್ದ ಮಾತು ಅದು. ಅವಳು ಸ್ಟೂಲಿನ ಮೇಲೆ ಕುಸಿದಳು. ಸಹಿ ಹಾಕಿದ್ದು ತಪ್ಪಲ್ಲ ಎಂದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಗೊತ್ತಿದ್ದು ಏನು ಮಾಡುವುದು? ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

"ಇದರಲ್ಲಿ ಯಾರೂ ಸಾಯಲ್ಲ ಕಣೇ," ಎಂದ ಅವನು. "ಹೊಡೆದ್ರೂ ಯಾರೂ ಸಾಯಲ್ಲ. ಆದ್ರೂ ಆ ಸೈಕಲ್ಲಿನವನು ಎಲ್ಲಿಂದ ಬಂದ ಅಂತ ನನಗೆ ಕೊನೇವರೆಗೂ ಗೊತ್ತಾಗಲ್ಲ. ಅದು ನೋಡೋಕಾಗಲ್ಲ ನನಗೆ. ಅದಕ್ಕೇ ಆರಿಸಿಬಿಡ್ತೀನಿ."

ಅವಳು ಅವನ ಬಲಗೈಯನ್ನು ಹಿಡಿದುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಬಿಟ್ಟು, ಎದ್ದು ಹೋಗಿ ಅಂಗಿಗೆ ಕೂತಳು. ಆ ದಿನ ಆರು ಅಂಗಿ ಹೊಲಿದಳು. ಎರಡರ ತೋಳು ಅದಲುಬದಲಾಗಿ ಮತ್ತೆ ಬಿಚ್ಚಬೇಕಾಯಿತು. ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಒಲೆಯ ಕಡೆ ತಿರುಗಲಿಲ್ಲ. ಅವನು ಅವಳ ಮುಂದೆಯೇ ತಟ್ಟೆ ತಿರುಗಿಸಿಕೊಂಡ.

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಅವನು ಅಂಗಿಯ ಗುಂಡಿಯನ್ನೆಲ್ಲ ಹಾಕಿಕೊಂಡು ಪರದೆಯ ಮುಂದೆ ಕೂತ. ಅವಳು ಪೆಟ್ಟಿಗೆಯ ಹಿಂದೆ ಬಗ್ಗಿ, ಜಾಲರಿಯ ಕೆಂಪು ದಾರವನ್ನು ಬಿಚ್ಚಿದಳು. ಅದಕ್ಕಿಂತ ಉದ್ದನೆಯದು ಬೇಕಿತ್ತು. ಇನ್ನೂ ಮೂರು ಮೊಳ ಎಳೆದು ಜೋಡಿಸಿ, ನಾಲ್ಕೆಳೆ ಹೊಸೆದು ದಪ್ಪ ಮಾಡಿ, ಪರದೆಯ ಬಲ ಅಂಚಿನುದ್ದಕ್ಕೂ ಮೇಲಿಂದ ಕೆಳಗೆ ಟೇಪು ಹಾಕಿ ಅಂಟಿಸಿದಳು. ಬಟ್ಟೆಗೆ ಎಳೆಯುವ ಗುರುತಿನಷ್ಟೇ ನೇರವಾಗಿತ್ತು.

"ಇದೇನಿದು?"

"ಪೇಪರ್ ಓದೋಕೆ ಡಾಕ್ಟರು ಅಂಚಿಗೆ ಕೆಂಪು ಗೆರೆ ಎಳೆಯೋಕೆ ಹೇಳಿರ್ಲಿಲ್ವಾ? ಗೆರೆ ಕಾಣೋವರೆಗೂ ತಲೆ ತಿರುಗಿಸ್ಬೇಕು ಅಂತ. ನೀವು ಪೇಪರ್ ಓದೋದನ್ನೇ ಬಿಟ್ರಿ. ದಾರ ಕಾಣ್ಲಿಲ್ಲ ಅಂದ್ರೆ ನೀವು ಬಲಗಡೆ ನೋಡಿಲ್ಲ ಅಂತ ಅರ್ಥ."

ಅವನು ದಾರವನ್ನು ಹುಡುಕಿದ. ತಲೆ ಬಲಕ್ಕೆ ಹೊರಳಿತು, ಇನ್ನಷ್ಟು ಹೊರಳಿತು, ನಿಂತಿತು.

"ಕಂಡಿತು," ಎಂದ.

ಅವಳು ಪ್ಲಗ್ಗುಗಳ ಪಟ್ಟಿಯನ್ನು ಅವನ ಕಾಲಿನ ಹತ್ತಿರದಿಂದ ತೆಗೆಯಬೇಕೆಂದು ಬಗ್ಗಿದಳು. ತೆಗೆಯಲಿಲ್ಲ. ಹಾಗೇ ಬಿಟ್ಟು ತನ್ನ ಯಂತ್ರಕ್ಕೆ ಹೋಗಿ, ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಹತ್ತು ಗಂಟೆಗೆ ಸರಿಯಾಗಿ ಕಂಟ್ರೋಲರ್ ದನಿ ಬಂತು. ಅವನು ಇವತ್ತು ಹೆಡ್‌ಫೋನು ಹಾಕಿರಲಿಲ್ಲ, ಸ್ಪೀಕರಿಗೆ ಬಿಟ್ಟಿದ್ದ. ಕಂಟ್ರೋಲರ್ ಹಾಜರಿ ಕರೆಯುವ ಮೇಷ್ಟರ ಹಾಗೆ ಒಬ್ಬೊಬ್ಬರ ಬಸ್ಸು ನಂಬರು ಕರೆದಳು. ಕೊನೆಗೆ, "ಹದಿನೇಳು. ನಿಮ್ಮ ಗಾಡಿ ಹೇಗಿದೆ, ಸರ್? ಬಿಸಿ ಇಳೀತಾ?" ಎಂದಳು.

ಹೊಲಿಗೆ ಯಂತ್ರ ನಿಂತಿತ್ತು. ಅವಳು ತಿರುಗಲಿಲ್ಲ.

"ಗಾಡಿ ತಣ್ಣಗಿದೆ, ಮೇಡಂ," ಎಂದ ಡ್ರೈವರ್. "ಗಾಡಿ ತಪ್ಪು ಏನಿಲ್ಲ. ನನಗೆ ಬಲಗಡೆ ಅರ್ಧ ಕಾಣಲ್ಲ. ಎರಡು ವರ್ಷ ಆಯ್ತು. ಗುದ್ದಿದಾಗೆಲ್ಲ ನಾನೇ ಸ್ವಿಚ್ ಆರಿಸ್ತಿದ್ದೆ."

ಸ್ಪೀಕರಿನಲ್ಲಿ ಹತ್ತೊಂಬತ್ತು ಬಸ್ಸುಗಳ ಇಂಜಿನ್ನಿನ ಗುರುಗುರು ಬಿಟ್ಟರೆ ಬೇರೇನೂ ಇರಲಿಲ್ಲ. ಯಾರೋ ಕೆಮ್ಮಿದರು.

"ಹಾಗಾದ್ರೆ ಹಿಂದಿನದಕ್ಕೆಲ್ಲ ಕೆಂಪು ಗುರುತು ಹಾಕ್ಬೇಕಾಗುತ್ತೆ, ಸರ್," ಎಂದಳು ಕಂಟ್ರೋಲರ್ ಕೊನೆಗೆ. "ಎಷ್ಟು?"

"ಹನ್ನೊಂದು."

"ಹನ್ನೊಂದು ಜಾಸ್ತಿಯಾಯ್ತು." ಕೀಬೋರ್ಡಿನ ಸದ್ದು ಕೇಳಿಸಿತು. "ಪಟ್ಟಿ ವಿಚಾರ ಸಾಯಂಕಾಲ ನೋಡೋಣ. ಈಗ ಹೊರಡ್ತೀರಾ?"

"ಹೊರಡ್ತೀನಿ."

"ಎಲ್ಲರಿಗಿಂತ ಹಿಂದೆ ಬನ್ನಿ. ನಿಧಾನಕ್ಕೆ."

ಬ್ರೇಕು ಬಿಟ್ಟ ಸದ್ದಾಯಿತು. ಅವಳು ಕೊನೆಯ ಎಂಟು ಅಂಗಿಗಳಲ್ಲಿ ಒಂದನ್ನು ತೆಗೆದುಕೊಂಡಳು. ಕಿಟಕಿಯ ಗಾಜಿನಲ್ಲಿ ಕೋಣೆ ತೆಳುವಾಗಿ ಮೂಡಿತ್ತು. ಅವನ ಬೆನ್ನು, ಅದರಾಚೆ ಪರದೆಯ ಬೆಳಕು. ಅವನ ತಲೆ ಹೊರಳುತ್ತಿತ್ತು, ದಾರದವರೆಗೆ, ಮತ್ತೆ ರಸ್ತೆಗೆ, ಮತ್ತೆ ದಾರದವರೆಗೆ. ಬಲು ನಿಧಾನ. ಹಿಂದಿನಿಂದ ಯಾವುದೋ ಆಟದ ಕಾರಿನವನು ಬೇಸತ್ತು ಹಾರ್ನು ಹೊಡೆಯುತ್ತಿದ್ದ. ಡ್ರೈವರ್ ಅದಕ್ಕೆ ಕಿವಿಗೊಡಲಿಲ್ಲ.

ಎಲ್ಲೋ ಒಂದು ಕಡೆ ಧಡ್ ಎಂದು ಗುದ್ದಿದ ಸದ್ದಾಯಿತು. ಅವಳ ಕಾಲು ಪೆಡಲಿನ ಮೇಲೆ ನಿಂತಿತು. ಟಕ್ ಎನ್ನುವುದಕ್ಕೆ ಕಾದಳು.

ಫ್ಯಾನುಗಳು ತಿರುಗುತ್ತಲೇ ಇದ್ದವು.

"ಹದಿನೇಳು," ಎಂದ ಅವನು ಮೈಕಿಗೆ. "ಬಲಗಡೆ ಕಂಬಕ್ಕೆ ತಾಗಿತು. ಹನ್ನೆರಡು ಅಂತ ಬರ್ಕೊಳ್ಳಿ." ಆಮೇಲೆ ಬಸ್ಸನ್ನು ಹಿಂದಕ್ಕೆ ತೆಗೆದುಕೊಂಡು, ತಲೆಯನ್ನು ಕೆಂಪು ದಾರದವರೆಗೆ ಹೊರಳಿಸಿ, ರಸ್ತೆಗಿಳಿದ. ಅವಳು ಅಂಗಿಯ ತೋಳನ್ನು ಸೂಜಿಯ ಕೆಳಗೆ ಸರಿಸಿದಳು.